ಕರೆಯುವ ಬಲ್ಬು

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಎರಡೂ ಮಗ್ಗ ನಿಲ್ಲಿಸುತ್ತಿದ್ದೆ. ಮೊದಲು ಕಿಟಕಿ ಪಕ್ಕದ್ದು, ಆಮೇಲೆ ಗೋಡೆ ಪಕ್ಕದ್ದು. ಸ್ಟೂಲು ಹತ್ತಿ, ತೊಲೆಗೆ ಹೊಡೆದಿರುವ ಕೆಂಪು ಜೀರೋ ಬಲ್ಬನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸುತ್ತಿದ್ದೆ. ಅದನ್ನು ಹೋಲ್ಡರಿನೊಳಕ್ಕೆ ಒತ್ತಿ ತಿರುಗಿಸಿ, ಭದ್ರವಾಗಿ ಕೂತಿದೆಯೇ ಎಂದು ನೋಡುತ್ತಿದ್ದೆ. ಇಪ್ಪತ್ತೆರಡು ಹೆಜ್ಜೆ ನಡೆದು ಅಡುಗೆಮನೆಗೆ ಹೋಗಿ ಸ್ವಿಚ್ಚು ಹಾಕುತ್ತಿದ್ದೆ. ಅದೇ ಇಪ್ಪತ್ತೆರಡು ಹೆಜ್ಜೆ ವಾಪಸು ಬಂದು, ಬಲ್ಬು ಉರಿಯುತ್ತಿರುವುದನ್ನು ನೋಡಿ, ಬಾಯಿಬಿಟ್ಟು ಹೇಳುತ್ತಿದ್ದೆ: "ಬಂದೆ ಅತ್ತೆ."

ಇಷ್ಟೇ. ಹೂವಿಲ್ಲ, ಮಂತ್ರವಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ. ಒಂದೂವರೆ ವರ್ಷ ದಿನಾ ಮಾಡಿದೆ. ಇದನ್ನು ಪೂಜೆ ಅನ್ನಬಹುದೋ ಏನೋ. ಪೂಜೆಯಲ್ಲಿ ಕರೆಯುವವರು ಒಬ್ಬರು, ಬರುವವರು ಇನ್ನೊಬ್ಬರು. ಇಲ್ಲಿ ಎರಡೂ ನಾನೇ. ಅಡುಗೆಮನೆಯಲ್ಲಿ ನಿಂತರೆ ಬಲ್ಬು ಕಾಣುವುದಿಲ್ಲ, ಬಲ್ಬಿನ ಕೆಳಗೆ ನಿಂತರೆ ಸ್ವಿಚ್ಚು ಕೈಗೆ ಸಿಗುವುದಿಲ್ಲ. ಹಾಗಾಗಿ ಅದು ಹತ್ತಿಕೊಳ್ಳುವ ಆ ಒಂದು ಗಳಿಗೆಯನ್ನು ನಾನು ಯಾವತ್ತೂ ನೋಡಲಿಲ್ಲ. ಹೋಗುವಾಗ ಆರಿರುತ್ತಿತ್ತು, ಬರುವಾಗ ಉರಿಯುತ್ತಿತ್ತು.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಮಗ್ಗಗಳು ಜಾಸ್ತಿ. ಎಲ್ಲವೂ ಕರೆಂಟಿನ ಮಗ್ಗಗಳೇ. ಹೊಸದಾಗಿ ಬಂದ ನೆಂಟರು ಕಿವಿ ಮುಚ್ಚಿಕೊಳ್ಳುತ್ತಾರೆ. ನಮಗೆ ಮಗ್ಗ ನಿಂತಾಗಲೇ ಏನೋ ಆಗಿದೆ ಅನ್ನಿಸುವುದು. ಮಗ್ಗದ ಕೋಣೆಯೊಳಗೆ ಮಾತು ಅನ್ನುವುದೇ ಇಲ್ಲ, ತುಟಿ ನೋಡಿ ತಿಳಿದುಕೊಳ್ಳಬೇಕು. ಅಡುಗೆಮನೆ ಮುಂದೆ, ಮಗ್ಗದ ಕೋಣೆ ಹಿಂದೆ. ನಡುವೆ ಒಂದು ಹಜಾರ. ಊಟಕ್ಕೆ ಕೂಗಿ ಕೂಗಿ ಅತ್ತೆಯ ಗಂಟಲು ಕಟ್ಟಿದ ಮೇಲೆ ಮಾವ ಆ ಬಲ್ಬನ್ನು ಹಾಕಿದ್ದಂತೆ. ಸ್ವಿಚ್ಚು ಒಲೆಯ ಪಕ್ಕ, ಬಲ್ಬು ಮಗ್ಗದ ಮೇಲೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಮಾವ ಇರಲಿಲ್ಲ, ಬಲ್ಬು ಇತ್ತು. ಮನೆಯಲ್ಲಿ ಅದಕ್ಕೆ 'ಕರೆಯೋ ಬಲ್ಬು' ಎಂದೇ ಹೆಸರು.

ನನ್ನ ಗಂಡನಿಗೆ ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಬೆಳಿಗ್ಗೆ ಹೋದರೆ ಬರುವುದು ಸಂಜೆ ಆರಕ್ಕೆ. ನಮಗೆ ಮಕ್ಕಳಿಲ್ಲ. ಹಗಲೆಲ್ಲ ಮನೆಯಲ್ಲಿ ಇಬ್ಬರೇ. ಮುಂದೆ ಅತ್ತೆ, ಹಿಂದೆ ನಾನು.

ಅತ್ತೆ ಆ ಬಲ್ಬನ್ನು ಊಟಕ್ಕೆ ಮಾತ್ರ ಹಾಕುತ್ತಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ಬೆಕ್ಕು ಬಂತು ಎಂದು ಹಾಕುತ್ತಿದ್ದರು. ಸೊಪ್ಪಿನವಳು ಬಂದಳು ಎಂದು ಹಾಕುತ್ತಿದ್ದರು. ಟಿವಿಯಲ್ಲಿ ಸೀರಿಯಲ್ ಹುಡುಗಿಗೆ ಅಪಘಾತವಾದರೂ ಹಾಕುತ್ತಿದ್ದರು. ಪ್ರತಿ ಸಲವೂ ನಾನು ಎರಡು ಮಗ್ಗ ನಿಲ್ಲಿಸಬೇಕು. ಓಡುವ ಮಗ್ಗ ನಿಲ್ಲಿಸಿ ಮತ್ತೆ ಬಿಟ್ಟರೆ ಸೀರೆಯಲ್ಲಿ ಆ ಜಾಗದಲ್ಲಿ ಒಂದು ಅಡ್ಡಗೆರೆ ಬೀಳುತ್ತದೆ. ಕೂದಲೆಳೆಯಷ್ಟು. ಉಡುವವರಿಗೆ ಕಾಣುವುದಿಲ್ಲ, ನೇಯಿಸುವ ಸಾಹುಕಾರರಿಗೆ ಕಾಣುತ್ತದೆ.

ಒಂದು ದಿನ ಎಲ್ಲ ನಿಲ್ಲಿಸಿ ಓಡಿಬಂದೆ.

"ಏನತ್ತೆ?"

"ಏನಿಲ್ಲ ಕಣಮ್ಮಿ. ಕಾಣ್ಸ್ತದಾ ಇಲ್ವಾ ಅಂತ ನೋಡ್ದೆ."

"ಕಾಣ್ಸ್ತು."

"ಹಂಗಾದ್ರೆ ಹೋಗು. ಅದ್ಯಾಕ್ ಮುಖ ಹಂಗ್ ಮಾಡ್ಕೊಂಡಿದ್ದೀಯಾ? ನಾನೇನ್ ನಿನ್ ಮಗ್ಗಾನ ತಿಂದ್ಬುಟ್ನಾ?"

ಅವತ್ತೇ ಇರಬೇಕು, ಸ್ಟೂಲು ಹತ್ತಿ ಬಲ್ಬನ್ನು ಒತ್ತಿ ಅರ್ಧ ತಿರುಗಿಸಿ ಸಡಿಲ ಮಾಡಿದ್ದು. ನೋಡಲು ಹೋಲ್ಡರಿನಲ್ಲೇ ಇರುತ್ತದೆ, ಉರಿಯುವುದಿಲ್ಲ. ಸಂಜೆ ಗಂಡ ಬರುವ ಮೊದಲು ಸರಿ ಮಾಡಿದೆ. "ಹಾಕ್ದೆ, ಬರ್ಲೇ ಇಲ್ವಲ್ಲ?" ಎಂದು ಅತ್ತೆ ಕೇಳಿದರೆ, "ಎಳೆ ಕಿತ್ತೋಗಿತ್ತು ಅತ್ತೆ, ತಲೆ ಎತ್ತಲಿಲ್ಲ" ಅನ್ನುತ್ತಿದ್ದೆ. ರೇಷ್ಮೆ ಎಳೆ ದಿನಕ್ಕೆ ಎಷ್ಟೋ ಸಲ ಕಿತ್ತುಹೋಗುತ್ತದೆ. ಯಾರೂ ಅನುಮಾನಪಡದ ನೆಪ ಅದು.

ಹೀಗೆ ಮಾಡಿದ್ದು ಮೂರು ಸಲ. ನಾಲ್ಕೂ ಇರಬಹುದು. ಆ ನಾಲ್ಕನೆಯದು ಇತ್ತೋ ಇಲ್ಲವೋ ಎನ್ನುವುದೇ ನನ್ನ ತೊಂದರೆ.

ಅತ್ತೆ ಸತ್ತ ದಿನದ್ದನ್ನು ಬರೆಯುತ್ತೇನೆ. ಗಟ್ಟಿಯಾಗಿ ಗೊತ್ತಿರುವುದನ್ನು ಮಾತ್ರ.

ಯುಗಾದಿ ಕಳೆದು ವಾರವಾಗಿತ್ತು. ಮೂರೂವರೆಗೆ ಕಂಡಿಕೆ ಮುಗಿದು, ಅಂದರೆ ಲಾಳಿಯೊಳಗಿನ ನೂಲಿನ ಉರುಳೆ ಖಾಲಿಯಾಗಿ, ಮಗ್ಗ ನಿಲ್ಲಿಸಿ ಹೊಸದು ಹಾಕಿದೆ. ಆಗ ಅತ್ತೆ ಹಜಾರದಲ್ಲಿ ಓಡಾಡುತ್ತಿದ್ದರು. ನಾಲ್ಕೂವರೆ ಸುಮಾರಿಗೆ ನೀರು ಕುಡಿಯಲು ಒಳಗೆ ಹೋದೆ. ಅತ್ತೆ ಒಲೆಯ ಪಕ್ಕ ಗೋಡೆಗೆ ಒರಗಿದ ಹಾಗೆ ಬಿದ್ದಿದ್ದರು. ಒಲೆಯ ಮೇಲೆ ಹಾಲಿನ ಪಾತ್ರೆ ಕಪ್ಪಾಗಿ ಸೀದು ಹೋಗಿತ್ತು. ಸ್ಟೌ ಇನ್ನೂ ಉರಿಯುತ್ತಿತ್ತು. ಗೋಡೆಯ ಮೇಲೆ ಕರೆಯೋ ಬಲ್ಬಿನ ಸ್ವಿಚ್ಚು ಕೆಳಗಾಗಿತ್ತು. ಹಾಕಿದ ಸ್ವಿಚ್ಚು.

ನಾಲ್ಕು ಗಂಟೆಯ ಕಾಫಿಗೆ ಅತ್ತೆ ಹಾಲಿಡುತ್ತಿದ್ದುದು ನಾಲ್ಕಕ್ಕೆ ಕಾಲು ಗಂಟೆ ಇರುವಾಗ. ಉಕ್ಕುವ ಮೊದಲೇ ಇಳಿಸುತ್ತಿದ್ದರು, ಅವತ್ತು ಇಳಿಸಿರಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷ ಎನ್ನುವ ಹೊತ್ತನ್ನು ನಾನು ಲೆಕ್ಕ ಹಾಕಿಕೊಂಡದ್ದು ಹೀಗೆ. ಡಾಕ್ಟರು ಮೊದಲು "ತಕ್ಷಣ ಹೋಗಿರ್ತಾರಮ್ಮ" ಎಂದರು. ನನ್ನ ಗಂಡ ಇನ್ನೊಂದು ಸಲ ಕೇಳಿದಾಗ "ಸ್ವಲ್ಪ ಹೊತ್ತು ಇದ್ದಿರಲೂಬಹುದು" ಎಂದರು.

ಮೂರೂವರೆಗೆ ನಿಲ್ಲಿಸಿದಾಗ ಸೀರೆಯಲ್ಲಿ ಒಂದು ಗೆರೆ ಬಿದ್ದಿತ್ತು. ನಾಲ್ಕೂವರೆಗೆ ನಿಲ್ಲಿಸಿದ್ದಕ್ಕೆ ಇನ್ನೊಂದು. ಹದಿಮೂರನೇ ದಿನ ಕಳೆದ ಮೇಲೆ ಅವೆರಡರ ನಡುವೆ ಮೊಳ ಹಾಕಿ ನೋಡಿದೆ. ಮೂರು ಮೊಳ, ನಾಲ್ಕು ಬೆರಳು. ಅದರಲ್ಲಿ ಎಷ್ಟು ಭಾಗ ಅತ್ತೆ ಬದುಕಿದ್ದಾಗ ನೇಯ್ದದ್ದು ಅನ್ನುವುದನ್ನು ಬಟ್ಟೆ ಹೇಳಲಿಲ್ಲ. ಆ ಸೀರೆಯನ್ನು ಸಾಹುಕಾರರು ತೆಗೆದುಕೊಂಡು ಹೋದರು. ಗಿಣಿಹಸಿರು ಒಡಲು, ಮಾವಿನಕಾಯಿ ಅಂಚು. ಯಾರದೋ ಮದುವೆಯಲ್ಲಿ ಯಾರೋ ಉಟ್ಟಿರುತ್ತಾರೆ.

ಸೀದ ವಾಸನೆ ನನಗೆ ಬರಲಿಲ್ಲವೇ? ಬಂತು ಎಂದು ಕೆಲವು ದಿನ ನೆನಪಾಗುತ್ತದೆ. ಪಕ್ಕದ ಮನೆಯದಿರಬೇಕು ಎಂದುಕೊಂಡದ್ದೂ ನೆನಪಾಗುತ್ತದೆ. ಇಂಥ ನೆನಪುಗಳ ಮೇಲೆ ನನಗೆ ನಂಬಿಕೆಯಿಲ್ಲ. ಬೇಕೆಂದಾಗ ಬರುತ್ತವೆ, ಬೇಕಾದ ಆಕಾರದಲ್ಲೇ ಬರುತ್ತವೆ.

ಬೀದಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಯಾರೂ ಮಗ್ಗ ಓಡಿಸುವುದಿಲ್ಲ. ಅವತ್ತು ಒಂದೊಂದೇ ಮನೆಯ ಮಗ್ಗ ನಿಲ್ಲುತ್ತಾ ಬಂದು ಕೊನೆಗೆ ಇಡೀ ಬೀದಿ ಸುಮ್ಮನಾಯಿತು. ಮಾಕಳಿದುರ್ಗದ ಕಡೆ ಹೋಗುವ ರೈಲಿನ ಸದ್ದು ಅಷ್ಟು ದೂರದಿಂದ ಕೇಳಿಸಿತು. ಅಡುಗೆಮನೆಯಲ್ಲಿ ಯಾರೋ ಹೆಂಗಸರು ಲೋಟ ಇಟ್ಟ ಸದ್ದು ಮಗ್ಗದ ಕೋಣೆಯವರೆಗೂ ಬಂತು. ಲೋಟದ ಸದ್ದೇ ಬರುವುದಾದರೆ, ಅತ್ತೆ ಕೂಗಿದ್ದರೆ ಖಂಡಿತ ಬರುತ್ತಿತ್ತು. ಮಗ್ಗ ಓಡುತ್ತಿರದಿದ್ದರೆ.

ಮಾವ ಮಾಡಿದ ಏರ್ಪಾಡಿನಲ್ಲಿ ತಪ್ಪಿಸಿಕೊಳ್ಳಲು ಸಂದು ಇರಲಿಲ್ಲ. ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ಆಗ ಕೂಗು ಕೇಳುತ್ತದೆ. ಕರೆಂಟು ಇದ್ದರೆ ಬಲ್ಬು ಉರಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಅತ್ತೆ ಸ್ವಿಚ್ಚು ಹಾಕಿದ್ದಾರೆ, ನನಗೆ ಕಂಡಿಲ್ಲ. ಹೇಗೆ?

ಮೂರನೇ ದಿನ, ಎಲ್ಲರೂ ಅಸ್ಥಿ ಬಿಡಲು ಹೋಗಿದ್ದಾಗ, ಅಡುಗೆಮನೆಯಲ್ಲಿ ಸ್ವಿಚ್ಚು ಹಾಕಿ ಹಿಂದಕ್ಕೆ ಹೋಗಿ ನೋಡಿದೆ. ಬಲ್ಬು ಆರಿತ್ತು. ಸ್ಟೂಲು ಹತ್ತಿ ಒತ್ತಿ ತಿರುಗಿಸಿದೆ. ಉರಿಯಿತು.

ಮಗ್ಗದ ಅದುರಾಟಕ್ಕೆ ಬಲ್ಬುಗಳು ತಾವಾಗಿಯೇ ಸಡಿಲವಾಗುವುದುಂಟು. ನಮ್ಮ ಬೀದಿಯಲ್ಲಿ ಅದು ಹೊಸದಲ್ಲ. ಪಕ್ಕದ ಮನೆಯಲ್ಲಿ ಒಂದು ಟ್ಯೂಬ್‌ಲೈಟ್ ಕಳಚಿ ಮಗ್ಗದ ಹಾಸಿನ ಎಳೆಗಳ ಮೇಲೆಯೇ ಬಿದ್ದಿತ್ತು. ಮಗ್ಗವೇ ಸಡಿಲ ಮಾಡಿತೋ, ಅವತ್ತು ಬೆಳಿಗ್ಗೆ ನಾನೇ ಮಾಡಿದೆನೋ, ಹಿಂದಿನ ದಿನ ಸಡಿಲ ಮಾಡಿ ಸಂಜೆ ಸರಿ ಮಾಡುವುದನ್ನು ಮರೆತೆನೋ. ಮೂರನ್ನೂ ನಾನು ಕಣ್ಣಿಗೆ ಕಟ್ಟಿದ ಹಾಗೆ ನೆನಪಿಸಿಕೊಳ್ಳಬಲ್ಲೆ. ಬಲ್ಬಿನ ಮೇಲೆ ಕೂತ ರೇಷ್ಮೆಯ ಧೂಳಿನಲ್ಲಿ ಬೆರಳಿನ ಗುರುತು ಇತ್ತೇ ಎಂದು ಆಮೇಲೆ ಹೊಳೆಯಿತು. ಆ ಹೊತ್ತಿಗೆ ನನ್ನ ಕೈಯೇ ಅದನ್ನು ಅಳಿಸಿಯಾಗಿತ್ತು.

ಯಾರಿಗೂ ಹೇಳಲಿಲ್ಲ. ಹೇಳುವ ಬದಲು, ಮತ್ತೆ ಮಗ್ಗ ಶುರು ಮಾಡಿದ ಮೊದಲ ದಿನವೇ, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ನಿಲ್ಲಿಸಿದೆ. ಸುಮ್ಮನೆ ಕೇಳಿಸಿಕೊಳ್ಳಲು. ಏನೂ ಕೇಳಲಿಲ್ಲ. ಎರಡನೇ ದಿನ ಬಲ್ಬು ಮುಟ್ಟಿ ನೋಡಿದೆ. ಹೆಜ್ಜೆ ಎಣಿಸುವುದು, ಟವೆಲ್ಲಿನಿಂದ ಒರೆಸುವುದು, ಇವೆಲ್ಲ ಆಮೇಲೆ ಸೇರಿಕೊಂಡವು. 'ಬಂದೆ ಅತ್ತೆ' ಯಾವತ್ತಿನಿಂದ ಬಂತು, ತಿಳಿಯದು. ಒಂದು ಸಲ ಹೇಳಿದ್ದನ್ನು ಮರುದಿನ ಬಿಡಲು ಧೈರ್ಯವಾಗಲಿಲ್ಲ. ಮುಟ್ಟಾದ ದಿನಗಳಲ್ಲಿ ದೇವರ ಕೋಣೆಯ ಕಡೆ ಸುಳಿಯದ ನಾನು ಇದನ್ನು ಮಾತ್ರ ಬಿಡಲಿಲ್ಲ. ಇದು ಶುಭದ ಲೆಕ್ಕಕ್ಕೆ ಬರುವಂಥದ್ದಲ್ಲ ಎಂದು ನನಗೆ ಮೊದಲೇ ಗೊತ್ತಿತ್ತೇನೋ.

ಪಕ್ಕದ ಮನೆಯ ಅಕ್ಕನದು ನಾಲ್ಕು ಮಗ್ಗ. ನಲವತ್ತು ವರ್ಷ ಮಗ್ಗದ ಮುಂದೆ ನಿಂತು ಅವಳ ಕಿವಿ ಮಂದ, ಮಾತು ದೊಡ್ಡದು. ಒಂದು ದಿನ ಹಿತ್ತಲ ಗೋಡೆಯ ಮೇಲಿಂದ ಕೂಗಿದಳು.

"ಏನಮ್ಮಿ, ನಾಲ್ಕ್ ಗಂಟೆ ಆದ್ರೆ ನಿಮ್ ಮಗ್ಗಕ್ಕೆ ಏನ್ ಬರ್ತದೆ? ಗಂಡನ ಫ್ಯಾಕ್ಟ್ರಿ ತರ ಅದಕ್ಕೂ ಟೀ ಟೈಮಾ?"

"ಮೋಟ್ರು ಕಾಯ್ತದೆ ಕಣಕ್ಕ. ತಣ್ಣಗಾಗ್ಲಿ ಅಂತ."

"ಏನಂದೆ?"

"ಮೋಟ್ರು!"

"ಓ. ನಮ್ ಮೋಟ್ರು ನನ್ನಂಗೆ. ಕಾದ್ರೂ ಓಡ್ತದೆ, ಕೆಟ್ರೂ ಓಡ್ತದೆ." ಎಂದು ನಕ್ಕು, ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಮಗ್ಗದವರ ಮುಂದೆ ಸುಳ್ಳು ಹೇಳುವುದು ಕಷ್ಟ. ದನಿ ಕೇಳದಿದ್ದರೂ ಅವರು ತುಟಿ ನೋಡುತ್ತಾರೆ. "ಅತ್ತೆ ಜೊತೆ ಮಾತಾಡ್ತೀಯಾ?" ಎಂದು ಕೇಳಿದಳು. ಈ ಸಲ ದನಿ ಸಣ್ಣದಾಗಿತ್ತು. ನಾನು ಬಟ್ಟೆ ತೆಗೆದುಕೊಂಡು ಒಳಗೆ ಹೋದೆ.

ಸಾಹುಕಾರರು ನನ್ನ ಗಂಡನಿಗೆ ಹೇಳಿ ಕಳಿಸಿದರು: ಪ್ರತಿ ದಿನದ ಬಟ್ಟೆಯಲ್ಲೂ ಒಂದು ಅಡ್ಡಗೆರೆ ಬರುತ್ತಿದೆ, ನೋಡಿಕೊಳ್ಳಿ. ಗಂಡ ಊಟ ಮಾಡುತ್ತಾ ಅದನ್ನು ಹೇಳಿದರು. ನಾನು ಮೋಟಾರಿನ ಮಾತನ್ನೇ ಹೇಳಿದೆ. ಅವರು "ಹೂಂ" ಎಂದು ಮಜ್ಜಿಗೆ ಹಾಕಿಸಿಕೊಂಡರು. ಮೋಟಾರು ಮುಟ್ಟಿ ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂದು ಆಗಲೇ ನಾನು ಯೋಚಿಸಬೇಕಿತ್ತು.

ಕಳೆದ ಮಹಾಲಯ ಅಮಾವಾಸ್ಯೆ. ಬೀದಿಯಲ್ಲಿ ಎಲ್ಲರ ಮಗ್ಗಕ್ಕೂ ರಜೆ. ಅತ್ತೆಯ ವರ್ಷದ ತಿಥಿ ಮುಗಿದಿದ್ದರಿಂದ ಮಾವನ ಜೊತೆ ಅವರಿಗೂ ಎಡೆ ಇಟ್ಟೆವು. ಹಜಾರದಲ್ಲಿ ಎರಡು ಎಲೆ. ವಡೆ, ಪಾಯಸ, ಹುಳಿ, ಅನ್ನ. ಅತ್ತೆಯ ಎಲೆಯ ಪಕ್ಕ ಒಂದು ಲೋಟ ಕಾಫಿ, ಒಂದು ಹೊಸ ಸೀರೆ. ಎಡೆ ಇಟ್ಟು ಕೈಮುಗಿದು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಒಂದಷ್ಟು ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯಬೇಕು.

ನಾವಿಬ್ಬರೂ ಹಿಂದಿನ ಮಗ್ಗದ ಕೋಣೆಯಲ್ಲಿ ಕೂತೆವು. ನಿಂತ ಮಗ್ಗಗಳ ನಡುವೆ ಮಾತು ಕೇಳುತ್ತದೆ ಅನ್ನುವುದೇ ಮುಜುಗರ. ನನ್ನ ಗಂಡ ಲಾಳಿಯೊಂದನ್ನು ಕೈಯಲ್ಲಿ ಹಿಡಿದುಕೊಂಡು ಅದರ ತುದಿಯನ್ನು ಸವರುತ್ತಿದ್ದರು.

"ಪಕ್ಕದ್ಮನೆ ಅಕ್ಕ ಹೇಳಿದ್ಲು. ನೀನು ದಿನಾ ಏನ್ಮಾಡ್ತೀಯ ಅಂತ."

ನಾನು ಮಗ್ಗದ ಮೇಲಿನ ಧೂಳನ್ನು ಒರೆಸತೊಡಗಿದೆ.

"ಆ ಬಲ್ಬು," ಎಂದರು. "ಅವತ್ತು ಬೆಳಿಗ್ಗೆ ಡ್ಯೂಟಿಗೆ ಹೋಗೋಕ್ ಮುಂಚೆ ನಾನೇ ತಿರುಗ್ಸಿದ್ದೆ ಕಣೇ. ನೀನು ಬೇಜಾರ್ ಮಾಡ್ಕೊಂಡಿದ್ಯಲ್ಲ, ಅಮ್ಮ ಸುಮ್ಸುಮ್ನೆ ಕರೀತಾರೆ ಅಂತ. ಒಂದ್ ದಿನ ಆರಾಮಾಗಿ ನೇಯ್ಲಿ ಅಂತ ತೆಗ್ದೆ. ನೀನಲ್ಲ. ನಾನು."

ಸುಳ್ಳೇಕೆ, ಸಂತೋಷವೇ ಆಯಿತು. ಒಂದು ಗಳಿಗೆ ಅವರ ಮೇಲೆ ಕೋಪವೂ ಬಂತು, ಆ ಕೋಪ ಹಿತವಾಗಿತ್ತು. ಆಮೇಲೆ ನನ್ನ ಬಾಯಿ ತಾನಾಗಿಯೇ ಕೇಳಿತು.

"ಹೆಂಗ್ ತಿರುಗ್ಸಿದ್ರಿ?"

"ಹೆಂಗಂದ್ರೆ? ಹಿಂಗೆ." ಲಾಳಿ ಕೆಳಗಿಟ್ಟು ಗಾಳಿಯಲ್ಲಿ ಕೈಯೆತ್ತಿ ತೋರಿಸಿದರು. ಬಾಟಲಿಯ ಮುಚ್ಚಳ ಬಿಚ್ಚುವ ಹಾಗೆ, ಒಂದು, ಎರಡು, ಮೂರು ಸುತ್ತು.

ನಮ್ಮ ಬಲ್ಬು ಹಾಗೆ ಬರುವುದಿಲ್ಲ. ಅದಕ್ಕೆ ಎರಡು ಕಿವಿ ಇವೆ. ಮೊದಲು ಮೇಲಕ್ಕೆ ಒತ್ತಬೇಕು, ಅರ್ಧ ತಿರುಗಿಸಬೇಕು, ಅಷ್ಟೇ. ಅವರ ಕೈ ಒತ್ತಲಿಲ್ಲ. ಅವರು ಆ ಬಲ್ಬನ್ನು ಯಾವತ್ತೂ ಮುಟ್ಟಿದವರಲ್ಲ.

ಮುಟ್ಟದವರಿಗೆ ಅದು ಸಡಿಲವಾಗಿತ್ತು ಎಂದು ಹೇಗೆ ಗೊತ್ತು? ನಾನು ಯಾರಿಗೂ ಹೇಳಿರಲಿಲ್ಲ. ಸಾವಿನ ದಿನವೇ ಸ್ವಿಚ್ಚು ನೋಡಿ, ಹಿಂದೆ ಬಂದು ಬಲ್ಬು ನೋಡಿದ್ದಿರಬೇಕು. ಅಥವಾ ಅದಕ್ಕೂ ಮುಂಚೆ ಯಾವತ್ತೋ ರಜೆಯ ದಿನ, ನಾನು ಸ್ಟೂಲು ಹತ್ತಿದ್ದನ್ನು ಕಂಡಿರಬೇಕು. ಒಂದೂವರೆ ವರ್ಷ ನನ್ನ ಪಕ್ಕ ಕೂತು ಉಂಡಿದ್ದಾರೆ, ಗೊತ್ತಿದ್ದೇ ಉಂಡಿದ್ದಾರೆ. ತಾಯಿಯ ಎಡೆಯ ದಿನ, ತಾಯಿ ಒಳಗೆ ಉಣ್ಣುತ್ತಿರುವ ಹೊತ್ತಿನಲ್ಲಿ, ನನಗೋಸ್ಕರ ಸುಳ್ಳು ಹೇಳಿದರು.

ಅವರು ಎದ್ದು ಹಜಾರದ ಬಾಗಿಲ ಮುಂದೆ ನಿಂತು ಎರಡು ಸಲ ಕೆಮ್ಮಿದರು. ಬಾಗಿಲು ತೆಗೆದೆವು. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಎಲೆಯಲ್ಲಿ ಎಲ್ಲವೂ ಇಟ್ಟ ಹಾಗೇ ಇತ್ತು.

ಆಮೇಲಿನ ಭಾನುವಾರ ಅವರಿಗೆ ರಜೆ. ನನಗೆ ಬಟ್ಟೆ ಕೊಡುವ ಗಡುವು ಇದ್ದುದರಿಂದ ಮಗ್ಗ ಓಡಿಸುತ್ತಿದ್ದೆ. ಮೂರೂಮುಕ್ಕಾಲು ದಾಟಿತ್ತು. ಇನ್ನೇನು ನಿಲ್ಲಿಸಬೇಕು ಅನ್ನುವಾಗ ತಲೆಯ ಮೇಲೆ ಕೆಂಪು ಬಿತ್ತು. ಬಲ್ಬು ಹತ್ತಿಕೊಂಡಿತು. ಅದು ಹತ್ತಿಕೊಳ್ಳುವುದನ್ನು ಅಷ್ಟು ದಿನಗಳಲ್ಲಿ ಮೊದಲ ಸಲ ನೋಡಿದೆ. ಅರ್ಥವಾಯಿತು: ಅಡುಗೆಮನೆಯಲ್ಲಿ ಅವರು ನಿಂತಿದ್ದಾರೆ. ನನ್ನ ಪೂಜೆಯಲ್ಲಿ ಕರೆಯುವವರಿಲ್ಲದ ಜಾಗವನ್ನು ತಾವು ತುಂಬುತ್ತಿದ್ದಾರೆ. ಇನ್ನು ನಾನು ಮಾಡಬೇಕಾದದ್ದು ಒಂದೇ, ಹೋಗುವುದು.

ಅದೇ ಹೊತ್ತಿಗೆ ಗೋಡೆ ಪಕ್ಕದ ಮಗ್ಗದಲ್ಲಿ ಒಂದು ಎಳೆ ಕಿತ್ತುಹೋಯಿತು.

ನಾನು ಎಳೆಯ ಕಡೆಗೆ ತಿರುಗಿದೆ. ಯೋಚಿಸಿ ತಿರುಗಿದ್ದಲ್ಲ. ಕೈ ಹೋಯಿತು. ಮಗ್ಗ ನಿಲ್ಲಿಸಿ, ತುದಿ ಹುಡುಕಿ, ಗಂಟು ಹಾಕಿ, ಬಾಯಲ್ಲಿ ಒದ್ದೆ ಮಾಡಿ, ಬಾಚಣಿಗೆಯಂಥ ಅಚ್ಚಿನ ಸಂದಿನಲ್ಲಿ ತೂರಿಸಿದೆ. ಅದರ ಪಕ್ಕದ್ದೂ ಸವೆದಿತ್ತು, ಅದನ್ನೂ ಕಟ್ಟಿದೆ. ಮಗ್ಗ ಬಿಟ್ಟೆ. ಅಂಚು ಸರಿಯಾಗಿ ಬೀಳುತ್ತಿದೆಯೇ ಎಂದು ನಾಲ್ಕು ಬೆರಳು ನೇಯುವವರೆಗೆ ನೋಡಿದೆ. ಇಷ್ಟು ಹೊತ್ತೂ ನನ್ನ ಕೈಯ ಮೇಲೆ ಆ ಕೆಂಪು ಬೆಳಕು ಇತ್ತು. ನನಗೆ ಕಾಣುತ್ತಿತ್ತು.

ಆಮೇಲೆ ಎರಡನ್ನೂ ನಿಲ್ಲಿಸಿ ಹೋದೆ. ಹೆಜ್ಜೆ ಎಣಿಸಲಿಲ್ಲ.

ಅವರು ಸ್ವಿಚ್ಚಿನ ಪಕ್ಕ ಬಾಗಿಲ ಕಡೆಗೇ ಕಣ್ಣು ಹಾಕಿಕೊಂಡು ನಿಂತಿದ್ದರು. ಒಂದು ಬೆರಳು ಇನ್ನೂ ಸ್ವಿಚ್ಚಿನ ಮೇಲೆ ಇತ್ತು.

"ಕಾಣ್ಸ್ತಾ?"

"ಕಾಣ್ಸ್ತು," ಎಂದೆ. "ಎಳೆ ಕಿತ್ತೋಗಿತ್ತು. ಕಟ್ಬುಟ್ ಬಂದೆ."

ಅತ್ತೆಗೆ ಹೇಳುತ್ತಿದ್ದ ಅದೇ ಮಾತು ಎಂದು ಹೇಳಿದ ಮೇಲೆ ನನಗೇ ಕೇಳಿಸಿತು. ಅವರಿಗೂ ಕೇಳಿಸಿತು. ಅವರ ಹಿಂದೆ, ಅವರು ಕಾಫಿಗೆಂದು ಇಟ್ಟಿದ್ದ ಹಾಲು ಉಕ್ಕಿ, ಒಲೆಯ ಮೇಲೆಲ್ಲ ಹರಿದು, ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಇಬ್ಬರೂ ನೋಡಿದೆವು. ಸ್ಟೌ ಆರಿಸಲು ಯಾರು ಮೊದಲು ಕೈ ಚಾಚಿದರೋ, ಅದು ನನಗೆ ನೆನಪಿಲ್ಲ.